ಎಕ್ಸ್‌ರೇ ಮರಿಯಯ್ಯನ ಹುಂಜ

"ಎಕ್ಸ್‌ರೇ ಮರಿಯಯ್ಯ ಬತ್ತಾವ್ನೆ, ಕಾವಿಗೆ ಕೂತಿರೋ ಕೋಳಿ ಮುಚ್ರಮ್ಮಿ."

ಎಳ್ಳುಕೊಪ್ಪಲಿನ ನಡುಬೀದಿಯಲ್ಲಿ ಈ ಮಾತು ದಿನಾ ಸಂಜೆ ಕೇಳಿಬರುತ್ತಿತ್ತು. ಪಾಂಡವಪುರದ ಬಸ್ಸು ಅರಳಿಕಟ್ಟೆ ಹತ್ತಿರ ನಿಂತು, ಮರಿಯಯ್ಯ ಖಾಲಿ ಊಟದ ಡಬ್ಬಿ ಹಿಡಿದು ಇಳಿಯುವುದೇ ತಡ, ಎದುರುಮನೆ ಬೈರಮ್ಮನ ಜಗಲಿ ಮೇಲೆ ಬಿದಿರಿನ ಮಂಕರಿ ದಬ್ಬನೆ ಬೀಳುತ್ತಿತ್ತು. ಒಳಗಿದ್ದ ಕೋಳಿ ಒಂದು ಸಲ ಕೊಕ್ ಅಂದು ಸುಮ್ಮನಾಗುತ್ತಿತ್ತು. ಅದಕ್ಕೂ ರೂಢಿಯಾಗಿತ್ತು.

ಇನ್ನೂ ಏನೇನೋ ಅನ್ನುತ್ತಿದ್ದರು. ಮರಿಯಯ್ಯ ಎದುರಿಗೆ ನಿಂತರೆ ಮೂಳೆ ಎಣಿಸ್ತಾನೆ, ಬಟ್ಟೆ ಉಟ್ಟಿದ್ದೂ ದಂಡ. ಮರಿಯಯ್ಯ ಹೆಪ್ಪು ಹಾಕಿದರೆ ಹಾಲು ಮೊಸರಾಗಲ್ಲ. ಅವನ ಹಿತ್ತಲಲ್ಲಿ ನೆಟ್ಟ ಪರಂಗಿ ಗಿಡ ಎಲ್ಲಾ ಗಂಡಾಗಿ, ಹೂ ಬಿಟ್ಟು ಕಾಯಿ ಕಟ್ಟದೆ ನಿಂತದ್ದು ಸುಮ್ಮನೆ ಅಲ್ಲ. ಇಷ್ಟೆಲ್ಲಾ ಅಂದವರೇ ಗ್ರಹಣ ಬಂದ ದಿನ ಅವನ ಬಾಗಿಲಿಗೆ ಸಾಲು ನಿಲ್ಲುತ್ತಿದ್ದರು. ಹಳೇ ಎಕ್ಸ್‌ರೇ ಫಿಲಂ ಕಣ್ಣಿಗೆ ಅಡ್ಡ ಹಿಡಿದು, ಯಾರದೋ ಪಕ್ಕೆಲುಬಿನ ಸಂದಿಯಿಂದ ಇಡೀ ಬೀದಿ ಸೂರ್ಯನನ್ನು ನೋಡುತ್ತಿತ್ತು. ಗ್ರಹಣ ಬಿಟ್ಟ ಮೇಲೆ ಫಿಲಂ ವಾಪಸ್ಸು, ಮಾತು ಯಥಾಪ್ರಕಾರ.

ಕೋಳಿ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರು ತಮಾಷೆ ಮಾಡುವುದಿಲ್ಲ. ಕಾವು ಬಂದ ಕೋಳಿಯ ಕೆಳಗೆ ಮೊಟ್ಟೆ ಇಡುವುದು ಕಂಡಕಂಡವರ ಕೆಲಸವಲ್ಲ, ಅದಕ್ಕೆ ಕೈಗುಣ ಬೇಕು. ಮನೆ ತುಂಬ ಮಕ್ಕಳು ಮೊಮ್ಮಕ್ಕಳು ಇರುವವರನ್ನು ಕರೆದು, ಕಾಲು ತೊಳೆಯಲು ನೀರು ಕೊಟ್ಟು, ಅವರ ಕೈಲಿ ಇಡಿಸುತ್ತಾರೆ. ಕೈಗುಣ ಇಲ್ಲದವರ ಕಣ್ಣು ಬಿದ್ದರೂ ಮೊಟ್ಟೆ ಕೆಡುತ್ತದೆ ಅನ್ನುತ್ತಾರೆ. ಮರಿಯಯ್ಯನ ಕಣ್ಣಂತೂ ಗೋಡೆಯಾಚೆ ಕಾಣುವ ಕಣ್ಣು ಅಂತ ಬೈರಮ್ಮನ ತೀರ್ಮಾನ.

ಮನುಷ್ಯ ನೋಡಿದರೆ ಹಸುವಿನಷ್ಟು ಸಾಧು. ಪಾಂಡವಪುರದ ಒಂದು ನರ್ಸಿಂಗ್ ಹೋಮಿಗೆ ಪಿಯುಸಿ ಡುಮ್ಕಿ ಹೊಡೆದ ವರ್ಷ ಬಾಗಿಲು ಕಾಯಲು ಸೇರಿ, ಎಕ್ಸ್‌ರೇ ಕೆಲಸ ಕಲಿತು, ತರಬೇತಿಗೆ ಹೋಗಿ ಸರ್ಟಿಫಿಕೇಟೂ ತಂದು, ಅಲ್ಲೇ ಕೂದಲು ನೆರೆಸಿಕೊಂಡವನು. ಕೈ ಮುರಿದವರು, ಕೆಮ್ಮುವವರು, ಕಬ್ಬಿನ ಲಾರಿಯಿಂದ ಬಿದ್ದವರು, ಯಾರೇ ಬರಲಿ ಒಂದೇ ಮಂತ್ರ: "ಉಸಿರು ಎಳ್ಕೊ. ಇಡ್ಕೊ. ಬುಡು." ಅದು ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಹೆಂಡತಿ ಮಂಚಮ್ಮ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದರೂ ಪಿನ್ನು ಹಿಡಿದು, "ಉಸಿರು ಎಳ್ಕೊ, ಇಡ್ಕೊ" ಅನ್ನುವನು.

ಕೆಲಸದ ಹೊತ್ತಲ್ಲಿ ಅವನ ಎದೆ ಮೇಲೆ ಒಂದು ಪುಟ್ಟ ಬ್ಯಾಡ್ಜು ಇರುತ್ತಿತ್ತು. ಮೈಮೇಲೆ ಎಷ್ಟು ಕಿರಣ ಬಿತ್ತು ಅಂತ ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸಬೇಕು, ಪ್ರತಿ ಸಲವೂ ಏನೂ ತೊಂದರೆಯಿಲ್ಲ ಅಂತ ಉತ್ತರ ಬರುತ್ತಿತ್ತು. ಬೀದಿಗೆ ಇದನ್ನು ಹೇಳಿ ಹೇಳಿ ಮರಿಯಯ್ಯನಿಗೆ ಸಾಕಾಗಿತ್ತು.

"ಅಲ್ಲ ಮರಿಯಣ್ಣ, ಮಳೆ ಬರಾಕಿಲ್ಲ ಅನ್ನೋನು ಛತ್ರಿ ಯಾಕ್ ಇಡ್ಕಂಡ್ ತಿರುಗ್ತಾನೆ?" ಅಂತ ಬೈರಮ್ಮ ಕೇಳಿದರೆ ಅವನು ಡಬ್ಬಿ ಕಂಕುಳಿಗೆ ಸೇರಿಸಿ ಮನೆ ಕಡೆ ನಡೆಯುತ್ತಿದ್ದ.

ಇವೆಲ್ಲ ನಗುವ ಮಾತಾಗಿಯೇ ಉಳಿಯುತ್ತಿದ್ದವು. ಆದರೆ ಮಗ ಲೋಕೇಶನಿಗೆ ಮದುವೆಯಾಗಿ ಐದು ವರ್ಷವಾದರೂ ತೊಟ್ಟಿಲು ಕಟ್ಟಲಿಲ್ಲ.

ಲೋಕೇಶ ಊರ ಪಕ್ಕದಲ್ಲಿ ಆಲೆಮನೆ ಇಟ್ಟಿದ್ದ. ಕಬ್ಬು ಅರೆಸಿ, ಹಾಲು ಕಾಯಿಸಿ, ಬೆಲ್ಲ ಮಾಡುವ ಕೆಲಸ. ಕೊಪ್ಪರಿಗೆ ಕೆಳಗಿನ ಒಲೆಗೆ ಉರಿ ಹಾಕುವುದು ಮಾತ್ರ ಅವನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಉರಿ ಹೆಚ್ಚಾದರೆ ಬೆಲ್ಲ ಕಪ್ಪಗಾಗುತ್ತದೆ, ಕಮ್ಮಿಯಾದರೆ ಅಂಟಾಗುತ್ತದೆ, ಹಾಗಾಗಿ ಬೆಳಗಿಂದ ಸಂಜೆವರೆಗೆ ಒಲೆ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ. ಹೆಂಡತಿ ಮೇಘನ ನಾಗಮಂಗಲದ ಕಡೆಯವಳು, ಬಾಯಿ ಚುರುಕು, ಮನಸ್ಸು ಬೆಲ್ಲ. ಅವಳಿಗೆ ಮಾಡಿಸಬೇಕಾದ ಪರೀಕ್ಷೆಯೆಲ್ಲ ಆಗಿತ್ತು. ಎಲ್ಲಾ ಸರಿಯಾಗಿತ್ತು. ಲೋಕೇಶ ಮಾತ್ರ ಡಾಕ್ಟರ ಹೊಸಲು ತುಳಿದಿರಲಿಲ್ಲ.

ಒಂದು ದಿನ ಮೇಘನಳ ತಾಯಿ ಮಂಗಳಮ್ಮ ಮಗಳನ್ನು ನೋಡಲು ಬಂದವರು, ಹೊರಡುವಾಗ ಜಗಲಿ ಮೇಲೆ ನಿಂತು ಚಪ್ಪಲಿಗೆ ಕಾಲು ತೂರಿಸುತ್ತಾ, ಚಪ್ಪಲಿಗೇ ಹೇಳುವಂತೆ, "ಮಾವನ ಕೆಲಸ ಇಂಗಂತ ಮೊದ್ಲೇ ಗೊತ್ತಾಗಿದ್ರೆ ನಾವು ಹೆಣ್ಣು ಕೊಡ್ತಿರ್ಲಿಲ್ಲ" ಅಂದರು. ಮರಿಯಯ್ಯ ಒಳಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

ಆವತ್ತು ಊಟಕ್ಕೆ ಕೂತಾಗ ಮೇಘನಳೇ ಮಾತು ತೆಗೆದಳು.

"ನಮ್ಮವ್ವ ಅಂದಿದ್ದು ತಪ್ಪು ಮಾವ, ಮನಸ್ಸಿಗೆ ಆಕ್ಕಬೇಡಿ. ಇವರು ಒಂದ್ಸಲ ನನ್ ಜೊತೆ ಆಸ್ಪತ್ರೆಗೆ ಬಂದ್ರೆ ಎಲ್ಲಾ ಗೊತ್ತಾಯ್ತದೆ. ಕರೆದ್ರೆ ಗಾಣದ ಮೋಟ್ರಾದ್ರೂ ಕಿತ್ಕಂಡ್ ಬತ್ತದೆ, ಇವರು ಬರಲ್ಲ."

"ನಾನ್ಯಾಕ್ ಬರ್ಲಿ?" ಅಂದ ಲೋಕೇಶ. "ಅಪ್ಪನ ಮಿಷಿನ್ ವಿಷ್ಯ ಇಡೀ ಊರಿಗೇ ಗೊತ್ತದೆ. ಆಸ್ಪತ್ರೇಲಿ ಡಬ್ಬಿ ಕೊಟ್ಟು ಇನ್ನೇನ್ ತಿಳ್ಕಬೇಕು?"

ಅವನು ಸಿಟ್ಟಿನಿಂದ ಅಂದದ್ದಲ್ಲ. ವೀರ್ಯ ಪರೀಕ್ಷೆಯ ಡಬ್ಬಿಯ ಭಯಕ್ಕೆ ಅಪ್ಪನ ಮಿಷಿನ್ನನ್ನು ಅಡ್ಡ ಹಿಡಿದದ್ದು, ಅಷ್ಟೆ. ಆದರೆ ಮರಿಯಯ್ಯನ ಕೈಲಿದ್ದ ಮುದ್ದೆ ತುತ್ತು ಮತ್ತೆ ತಟ್ಟೆಗೆ ಇಳಿಯಿತು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಲವು ದಿನದ ಹಿಂದೆ ರೋಗಿಗಳಿಲ್ಲದ ಹೊತ್ತಲ್ಲಿ ಮೊಬೈಲು ನೋಡುತ್ತಿದ್ದಾಗ ಒಂದು ವಿಡಿಯೋ ಬಂದಿತ್ತು. ಎಲ್ಲೋ ವಿಜ್ಞಾನಿಗಳು ಗಂಡಿಲಿಗೆ ಕಿರಣ ಹಾಯಿಸಿದರಂತೆ. ಅದಕ್ಕೆ ಹುಟ್ಟಿದ ಮರಿಗಳು ನೋಡಲು ಚೆನ್ನಾಗೇ ಇದ್ದವಂತೆ. ಆ ಮರಿ ದೊಡ್ಡದಾಗಿ, ಅದಕ್ಕೆ ಮರಿ ಆಗುವ ಹೊತ್ತಿಗೆ ಲೆಕ್ಕದಲ್ಲಿ ಕಮ್ಮಿ ಬಿತ್ತಂತೆ. ಅಪ್ಪನಿಗೆ ಬಿದ್ದ ಕಿರಣ ಮಗನ ಸಂತಾನಕ್ಕೆ ತಗಲಿತು ಅಂತ ವಿಡಿಯೋದವನು ಗಂಟೆ ಹೊಡೆದಂತೆ ಹೇಳಿದ್ದ. ಅಂದಿನಿಂದ ಮರಿಯಯ್ಯ ಸೀಸದ ಏಪ್ರನ್ನನ್ನು ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದ. ಮಗ ಹುಟ್ಟಿ ಮೂವತ್ತು ವರ್ಷ ದಾಟಿದ ಮೇಲೆ ಅದರಿಂದೇನು ಪ್ರಯೋಜನ, ಅವನಿಗೂ ಗೊತ್ತಿತ್ತು.

ತನ್ನಿಂದ ಮಗನ ವಂಶ ನಿಂತಿತಾ ಇಲ್ಲವಾ? ಇದನ್ನು ಯಾರನ್ನು ಕೇಳುವುದು? ನರ್ಸಿಂಗ್ ಹೋಮಿನ ಡಾಕ್ಟರು ರವೀಂದ್ರ ಅವರನ್ನು ಕೇಳಲು ನಾಚಿಕೆ. ಎರಡು ದಿನ ಯೋಚಿಸಿ ಮೂರನೇ ದಿನ ಹಿತ್ತಲಿಗೆ ಹೋಗಿ, ಕೋಳಿಗಳ ನಡುವೆ ನಿಂತು, ಹೆಂಡತಿಯನ್ನು ಕರೆದ.

"ಇಲಿ ಸಾಕಕ್ಕೆ ನಂಗೆ ಬರಾಕಿಲ್ಲ. ಕೋಳಿ ಅದೆ. ಪರೀಕ್ಷೆ ಮಾಡೇಬುಡ್ತೀನಿ" ಅಂದ. "ನೋಡು, ಕೆಂಚ ಅಂದ್ರೆ ನಾನು ಅನ್ಕೊ."

ಕೆಂಚ ಅಂದರೆ ಅವರ ಮನೆಯ ಕೆಂಪು ಹುಂಜ. ಕತ್ತು ಎತ್ತಿ ಗೋಡೆ ಮೇಲೆ ನಿಂತಿತ್ತು.

"ಆ ಗತ್ತು ನಿಂಗೆಲ್ಲದೆ?" ಅಂದಳು ಮಂಚಮ್ಮ.

"ಕೇಳು ಮೊದ್ಲು. ಕೆಂಚಂಗೆ ಎಕ್ಸ್‌ರೇ ಹೊಡೀತೀನಿ. ಆಮೇಲೆ ಅವನಿಗೊಂದು ಗಂಡುಪಿಳ್ಳೆ ಉಟ್ಟುತ್ತಲ್ಲ, ಅದು ಲೋಕೇಸ. ಅದು ದೊಡ್ಡದಾಗಿ, ಅದರ ಜೋಡಿ ಯಾಟೆಕೋಳಿ ಇಕ್ಕೋ ಮೊಟ್ಟೆ ಪಿಳ್ಳೆಯಾದ್ರೆ ನಂದೇನೂ ತಪ್ಪಿಲ್ಲ. ಆಗ್ಲಿಲ್ಲ ಅಂದ್ರೆ ತಪ್ಪು ನಂದೇ."

"ನಾನ್ಯಾರು?"

"ನೀನು ಆ ಬೂದಿ ಕೋಳಿ."

"ಅದು ಒಕ್ಕಣ್ಣಿ ಅಲ್ವಾ?" ಅಂತ ಮಂಚಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಮಾತು ಅಲ್ಲಿಗೆ ನಿಂತಿತು, ಪರೀಕ್ಷೆ ಶುರುವಾಯಿತು.

ಭಾನುವಾರ ಮಧ್ಯಾಹ್ನ ನರ್ಸಿಂಗ್ ಹೋಮಿನಲ್ಲಿ ಜನ ಕಮ್ಮಿ. ಮರಿಯಯ್ಯ ಕೆಂಚನನ್ನು ಬಟ್ಟೆ ಚೀಲದಲ್ಲಿ ಹಾಕಿ, ಕತ್ತು ಮಾತ್ರ ಹೊರಗೆ ಬಿಟ್ಟು, ಬಸ್ಸಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಹೋದ. ಮೇಜಿನ ಮೇಲೆ ಮಲಗಿಸಿ, ಕಾಲು ಕಟ್ಟಿ, ಗೋಡೆಯಾಚೆ ಹೋಗಿ, ಅಭ್ಯಾಸ ಬಲದಿಂದ, "ಉಸಿರು ಎಳ್ಕೊ. ಇಡ್ಕೊ" ಅಂದ. ಕೆಂಚ ಕೊಕ್ಕೊಕ್ಕೋ ಅಂದಿತು. ಅವನ ಸರ್ವಿಸ್ಸಿನಲ್ಲಿ ಮಾತು ಕೇಳದ ಮೊದಲ ಪೇಷಂಟು ಅದೇ.

ಎಷ್ಟು ಕಿರಣ ಬಿತ್ತು ಅಂತ ತಿಳಿಯಬೇಕಲ್ಲ. ಅದಕ್ಕೆ ತನ್ನ ಬ್ಯಾಡ್ಜನ್ನೇ ಬಿಚ್ಚಿ ಕೆಂಚನ ರೆಕ್ಕೆಗೆ ಸಿಕ್ಕಿಸಿದ್ದ. ಹೀಗೆ ಒಂದಷ್ಟು ಭಾನುವಾರ ನಡೆಯಿತು. ಒಂದು ಫಿಲಂ ಮಾತ್ರ ತೊಳೆದು ಮನೆಗೆ ತಂದು ಕಿಟಕಿಗೆ ಸಿಕ್ಕಿಸಿದ. ಎಲುಬು, ರೆಕ್ಕೆ, ಹೊಟ್ಟೆಯೊಳಗಿನ ಕಲ್ಲು, ಎಲ್ಲ ಕನ್ನಡಿಯಂತೆ ಬಂದಿತ್ತು. ಬೈರಮ್ಮ ಬಂದು ಕತ್ತು ಓರೆ ಮಾಡಿ ನೋಡಿದಳು.

"ಚೆಂದಾಗ್ ಬಂದದೆ ಮರಿಯಣ್ಣ. ಸಾರಿಗೆ ಎಲ್ಲೆಲ್ ಕುಯ್ಬೇಕು ಅಂತ ನೆಟ್ಟಗೆ ಕಾಣ್ತದೆ."

"ಇದು ಸಾರಿನ ಹುಂಜ ಅಲ್ಲ ಬೈರಕ್ಕ, ಪರೀಕ್ಷೆ ಹುಂಜ."

"ಇನ್ಮೇಲೆ ಕೊಟ್ರೂ ತಿನ್ನೋರ್ಯಾರು ಬುಡು."

ಮೂರು ತಿಂಗಳಾದ ಮೇಲೆ ಡಾಕ್ಟರು ರವೀಂದ್ರ ಮರಿಯಯ್ಯನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಅವರ ಮುಖ ಸಣ್ಣಗಾಗಿತ್ತು. ಬ್ಯಾಡ್ಜಿನ ಫಲಿತಾಂಶ ಬಂದಿತ್ತು. ಇಷ್ಟು ವರ್ಷದಲ್ಲಿ ಬರದಷ್ಟು ಕಿರಣ ಈ ಮೂರು ತಿಂಗಳಲ್ಲಿ ಬಿದ್ದಿದೆ, ಈ ಮನುಷ್ಯನ ಆರೋಗ್ಯ ಹೇಗಿದೆ, ಕೂಡಲೇ ತಿಳಿಸಿ ಅಂತ ಮೇಲಿನವರು ಕೇಳಿದ್ದರು.

"ಮರಿಯಯ್ಯ, ಭಯ ಬೀಳಬೇಡಿ. ನೀವು ಗೋಡೆಯಾಚೆ ನಿಲ್ತಿರಲಿಲ್ವಾ?"

"ಗೋಡೆಯಾಚೆಯೇ ನಿಲ್ತಿದ್ದೆ ಸಾರ್."

"ಮತ್ತೆ ಇಷ್ಟು ಕಿರಣ ಯಾರಿಗೆ ಬಿತ್ತು?"

"ನಮ್ಮ ಹುಂಜಕ್ಕೆ ಸಾರ್."

ಡಾಕ್ಟರು ಕನ್ನಡಕ ತೆಗೆದರು. "ಹುಂಜಕ್ಕೆ ಏನಾಗಿತ್ತು?"

"ಏನೂ ಆಗಿರ್ಲಿಲ್ಲ ಸಾರ್. ಅದಕ್ಕೇ ಕರ್ಕಂಡ್ ಬಂದಿದ್ದೆ."

ಡಾಕ್ಟರು, ಬ್ಯಾಡ್ಜು ಕೆಲಸಗಾರನ ಮೈಮೇಲೆ ಇರಲಿಲ್ಲ, ಕೆಲಸಗಾರ ಕ್ಷೇಮ ಅಂತ ಉತ್ತರ ಬರೆದು ಸಹಿ ಹಾಕಿದರು. ಹುಂಜದ ಸುದ್ದಿ ಬರೆಯಲಿಲ್ಲ. "ನಿಮ್ಮ ರಿಟೈರ್‌ಮೆಂಟು ಹತ್ರ ಬಂತು. ಅಲ್ಲಿವರೆಗೆ ರೆಕ್ಕೆ ಇರೋದು ಯಾವುದೂ ಒಳಗೆ ಬರಬಾರದು" ಅಂತ ಮಾತ್ರ ಹೇಳಿದರು. ಮರಿಯಯ್ಯನಿಗೆ ಬೈಸಿಕೊಂಡ ಬೇಜಾರಿಗಿಂತ, ಕೆಂಚನಿಗೆ ತನಗಿಂತ ಜಾಸ್ತಿಯೇ ಬಿದ್ದಿದೆ ಅಂತ ಗೊತ್ತಾದ ಸಮಾಧಾನ ಹೆಚ್ಚು.

ಕೆಂಚನಿಗೂ ಒಕ್ಕಣ್ಣಿ ಬೂದಿ ಕೋಳಿಗೂ ಪಿಳ್ಳೆಗಳಾದವು. ಅದರಲ್ಲಿ ಒಂದು ಗಂಡು ಅಪ್ಪನಂತೆಯೇ ಕೆಂಪಗೆ ಎದ್ದುಬಂತು. ಅದೇ ಮರಿಕೆಂಚ. ಅದು ಬೆಳೆಯುವುದನ್ನು ಮರಿಯಯ್ಯ, ಎಸ್ಸೆಸ್ಸೆಲ್ಸಿ ಮಗನನ್ನು ಕಾಯುವ ತಂದೆಯಂತೆ ಕಾದ. ಮೊದಲ ಸಲ ಕೂಗಿದ ದಿನ ಬೀದಿಗೆ ಹೇಳಿಕೊಂಡು ಬಂದ. ಹೊರಗಿಂದ ಒಂದು ಕರಿ ಯಾಟೆ, ಆಗಷ್ಟೇ ಮೊಟ್ಟೆಗೆ ಬಂದ ಎಳೆ ಕೋಳಿ, ತಂದು ಜೋಡಿ ಮಾಡಿದ. ಯಾಟೆ ಇಕ್ಕಿದ ಮೊಟ್ಟೆಗಳನ್ನು ಒಂದೊಂದಾಗಿ, ಫಿಲಂ ಮೇಲೆ ಬರೆಯುವ ಬಣ್ಣದ ಪೆನ್ಸಿಲಿಂದ ಕತ್ತರಿ ಗುರುತು ಹಾಕಿ, ರಾಗಿ ತುಂಬಿದ ಮಡಕೆಯೊಳಗೆ ಹುದುಗಿಸಿಟ್ಟ. ಬೂದಿ ಕೋಳಿಗೆ ಮತ್ತೆ ಕಾವು ಬಂದಾಗ ಅದರ ಕೆಳಗೆ ಇಟ್ಟ. ಕೈಗುಣದವರನ್ನು ಕರೆಯೋಣ ಅಂದರೆ, ಎಕ್ಸ್‌ರೇ ಹುಂಜದ ಮೊಮ್ಮಕ್ಕಳನ್ನು ಮುಟ್ಟುವವರು ಯಾರು? ತಾನೇ ಇಟ್ಟ.

ಇಡುವಾಗ ಒಂದು ವಿಷಯ ಅವನ ಕಣ್ಣಿಗೆ ಬಿದ್ದಿತ್ತು. ಬೈರಮ್ಮನಿಗೆ ಹೇಳಿಯೂ ಇದ್ದ.

"ಮೊಟ್ಟೆ ಮಾಮೂಲಿಗಿಂತ ದಪ್ಪ ಅವೆ ಬೈರಕ್ಕ. ಇದು ಕಿರಣದ್ದೇ ಪರಿಣಾಮ. ವಿಡಿಯೋದಲ್ಲಿ ಈ ವಿಷ್ಯ ಯೋಳಿರ್ಲಿಲ್ಲ."

"ನಿಮ್ಮ ಸೊಸೆಗೂ ಇಂಗೇ ದಪ್ಪಂದು ಉಟ್ಲಿ ಬುಡು" ಅಂದಿದ್ದಳು ಬೈರಮ್ಮ, ತನ್ನ ಕೋಳಿಯ ಮೇಲೆ ಮಂಕರಿ ಸರಿಪಡಿಸುತ್ತಾ.

ವಾರ ಕಳೆಯಿತು. ಮೊಟ್ಟೆಗೆ ಜೀವ ಕೂಡಿದೆಯಾ ಅಂತ ನೋಡಲು ಮರಿಯಯ್ಯನಿಗೆ ಮೂರು ವಾರ ಕಾಯಬೇಕಿರಲಿಲ್ಲ. ನರ್ಸಿಂಗ್ ಹೋಮಿನಲ್ಲಿ ಮೂಲೆಗೆ ಬಿದ್ದಿದ್ದ, ಫಿಲಂ ನೋಡುವ ಬೆಳಕಿನ ಪೆಟ್ಟಿಗೆಯೊಂದನ್ನು ಕೇಳಿ ತಂದಿದ್ದ. ಕಿಟಕಿಗೆ ಕಂಬಳಿ ಕಟ್ಟಿ, ಪೆಟ್ಟಿಗೆ ಹಚ್ಚಿ, ಅದಕ್ಕೆ ತೂತು ಮಾಡಿದ ರಟ್ಟು ಹೊದಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡ. ಬೈರಮ್ಮ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಳು.

ಜೀವ ಕೂಡಿದ್ದರೆ ಮೊಟ್ಟೆಯೊಳಗೆ ಜೇಡರ ಬಲೆಯಂತೆ ಕೆಂಪು ನರ ಕಾಣಬೇಕು. ಮೊದಲ ಮೊಟ್ಟೆ ತೂತಿನ ಮೇಲಿಟ್ಟ. ತಿಳಿನೀರು. ಎರಡನೆಯದು. ತಿಳಿನೀರು. ಇಟ್ಟಿದ್ದಷ್ಟನ್ನೂ ಒಂದೊಂದಾಗಿ ನೋಡಿದ. ಕೊನೆಯದನ್ನು ಎರಡು ಸಲ ತಿರುಗಿಸಿ ನೋಡಿ, ಸ್ವಿಚ್ಚು ಆರಿಸಿದ.

"ಎಲ್ಲಾ ಕ್ಲಿಯರ್" ಅಂದ. ಇಷ್ಟು ವರ್ಷ ರೋಗಿಗಳಿಗೆ ಹೇಳಿದ ಸಿಹಿ ಮಾತು ಅವತ್ತು ಅವನ ಬಾಯಿಂದ ಕಹಿಯಾಗಿ ಬಂತು.

ಮರಿಯಯ್ಯ ಕತ್ತಲಲ್ಲೇ ಸೊಸೆಯ ಕಡೆ ತಿರುಗಿದ.

"ಮೇಘನ, ನಿಮ್ಮವ್ವ ಯೋಳಿದ್ದು ನಿಜ ಕಣವ್ವ. ನಿಂದಾಗ್ಲಿ ಲೋಕೇಸಂದಾಗ್ಲಿ ತಪ್ಪಿಲ್ಲ, ನಂದು. ನೀನಿನ್ನೂ ಚಿಕ್ಕೋಳು. ಬೇರೆ ದಾರಿ ನೋಡ್ಕತೀನಿ ಅಂದ್ರೆ ನಾನೇ ಮುಂದೆ ನಿಂತ್ಕಂಡು ಕಳುಸ್ಕೊಡ್ತೀನಿ. ಮಗಳು ಅಂತ್ಲೇ ಕಳುಸ್ಕೊಡ್ತೀನಿ."

ಅಪ್ಪನ ಮಿಷಿನ್ನಿನ ಹಿಂದೆ ಬಚ್ಚಿಟ್ಟುಕೊಂಡಿದ್ದು ಇಲ್ಲಿಗೆ ಬರುತ್ತದೆ ಅಂತ ಲೋಕೇಶ ಎಣಿಸಿರಲಿಲ್ಲ. "ಅಪ್ಪ, ಏನ್ ಮಾತಾಡ್ತಿದೀಯ ನೀನು" ಅಂದ.

ಅಷ್ಟರಲ್ಲಿ ಮೂಲೆಯಲ್ಲಿ ಮಂಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಮೊಟ್ಟೆ ಮರಿಕೆಂಚಂದಲ್ಲ" ಅಂದಳು.

"ಏನಂದೆ?"

"ಅಂಗಡಿ ಮೊಟ್ಟೆ. ಫಾರಂದು. ಟೀ ಡಿಕಾಕ್ಷನ್‌ನಾಗೆ ಅದ್ದಿ ಬಣ್ಣ ಕಟ್ಟಿದ್ದೆ. ಕತ್ತರಿ ಗುರ್ತೂ ನಾನೇ ಹಾಕ್ದೆ."

ಮರಿಯಯ್ಯ ಕಂಬಳಿ ಕಿತ್ತು ಬೆಳಕು ಬಿಟ್ಟ. ಹುಂಜದ ಸಂಗವೇ ಇಲ್ಲದ ಫಾರಂ ಮೊಟ್ಟೆಯನ್ನು ವರ್ಷಗಟ್ಟಲೆ ಕಾವಿಗಿಟ್ಟರೂ ಪಿಳ್ಳೆಯಾಗುವುದಿಲ್ಲ ಅಂತ ಎಳ್ಳುಕೊಪ್ಪಲಿನ ನಾಯಿಗೂ ಗೊತ್ತು.

"ಮತ್ತೆ ಮರಿಕೆಂಚನ ಮೊಟ್ಟೆ?"

ಮಂಚಮ್ಮ ಸೊಸೆಯ ಕಡೆ ನೋಡಿದಳು. "ನಾಟಿ ಮೊಟ್ಟೆ ಹಾಲಿಗೆ ಒಡ್ದು ಕುಡುದ್ರೆ ಬೇಗ ಆಯ್ತದೆ ಅಂತ ನಮ್ಮತ್ತೆ ಯೋಳ್ತಿದ್ರು. ಕೇಳಿದ್ರೆ ಇವ್ನು ಕೊಡಾಕಿಲ್ಲ, ಪರೀಕ್ಷೆ ಅಂತಾನೆ. ಅದಕ್ಕೆ ದಿನಾ ಒಂದೊಂದು ಮಡಕೆಯಿಂದ ತಗ್ದು..."

ಮೇಘನ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಂದ್ರೆ ಅತ್ತೆ, ನಾನು ದಿನಾ ಬೆಳಗ್ಗೆ ಕುಡೀತಿದ್ದದ್ದು ಮರಿಕೆಂಚನ ಮಕ್ಕಳ್ನಾ?"

ಬಾಗಿಲಲ್ಲಿ ನಿಂತಿದ್ದ ಬೈರಮ್ಮನ ನಗು ಮೊದಲು ಹೊರಟಿತು. ಆಮೇಲೆ ಮೇಘನಳದು. ಮಂಚಮ್ಮ ಅಳುತ್ತಳುತ್ತಲೇ ನಕ್ಕಳು. ಮರಿಯಯ್ಯ ಮಾತ್ರ, "ಅದಕ್ಕೇ ದಪ್ಪ ಇದ್ವು" ಅಂತ ತನ್ನಷ್ಟಕ್ಕೆ ತಾನು ಹೇಳಿಕೊಂಡ.

ನಗು ನಿಂತ ಮೇಲೆ ಮೇಘನ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. "ಮಾವ ಹುಂಜ ಎತ್ಕಂಡು ಬಸ್ಸಲ್ಲಿ ತಿರುಗವ್ರೆ, ಡಾಕ್ಟ್ರ ಕೈಲಿ ಬೈಸ್ಕಂಡವ್ರೆ. ಅತ್ತೆ ಮೊಟ್ಟೆಗೆ ಬಣ್ಣ ಕಟ್ಟವ್ರೆ. ನಾನು ಹಸಿ ಮೊಟ್ಟೆ ಕುಡ್ದಿದೀನಿ. ನೀವೇನ್ ಮಾಡಿದ್ರಿ?"

ಲೋಕೇಶ ನೆಲ ನೋಡಿದ. "ನಾಳೆ ಬೆಲ್ಲ ಇಳಿಸೋದದೆ."

"ನಾಳಿದ್ದು?"

"ನಾಳಿದ್ದು ಓಗನ."

ಶ್ರೀರಂಗಪಟ್ಟಣದಲ್ಲಿ ಹೇಮಶ್ರೀ ಅಂತ ಲೇಡಿ ಡಾಕ್ಟರಿದ್ದರು. ಅಲ್ಲಿಗೆ ಹೋದದ್ದು ಮೂವರು. ನೀನ್ಯಾಕಪ್ಪ ಅಂತ ಲೋಕೇಶ ಎಷ್ಟು ಅಂದರೂ ಮರಿಯಯ್ಯ ಬಿಡಲಿಲ್ಲ. ನರ್ಸು ಒಂದು ಸಣ್ಣ ಡಬ್ಬಿ ಕೊಟ್ಟು ಮೂಲೆಯ ಬಾಗಿಲು ತೋರಿಸಿದಳು. ಲೋಕೇಶ ಒಳಗೆ ಹೋದವನು ಬಹಳ ಹೊತ್ತಾದರೂ ಬರಲಿಲ್ಲ. ಮಗ ಹೆದರಿದ್ದಾನೆ ಅಂತ ತಂದೆಗೆ ಗೊತ್ತಾಗದೆ ಇರುತ್ತದೆಯೇ? ಮರಿಯಯ್ಯ ಎದ್ದು ಹೋಗಿ ಬಾಗಿಲಿಗೆ ಬಾಯಿಟ್ಟು ಮೆಲ್ಲಗೆ ಅಂದ: "ಉಸಿರು ಎಳ್ಕೊ ಮಗ. ಇಡ್ಕೊ..."

"ಅಪ್ಪ," ಒಳಗಿಂದ ದನಿ ಬಂತು, "ನೀನು ಓಗಿ ಬಸ್‌ಸ್ಟಾಂಡಲ್ಲಿ ಕುಂತ್ಕೊ."

ಫಲಿತಾಂಶ ನೋಡಿದ ಡಾಕ್ಟರು ಲೋಕೇಶನ ಕಡೆಯೇ ವೀರ್ಯಾಣು ಸ್ವಲ್ಪ ಕಮ್ಮಿ ಇದೆ, ಇಲ್ಲವೇ ಇಲ್ಲ ಅನ್ನುವಂತಿಲ್ಲ ಅಂದರು. ಕೆಲಸ ಏನು ಅಂತ ಕೇಳಿದರು. ಆಲೆಮನೆ, ಒಲೆಗೆ ಉರಿ ಹಾಕ್ತೀನಿ ಅಂದ.

"ಎಷ್ಟು ಹೊತ್ತು?"

"ಬೆಳಗಿಂದ ಸಂಜೆಗಂಟ ಮೇಡಂ. ಕುಕ್ಕರುಗಾಲಲ್ಲಿ ಕುಂತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಗಂಡಸಿನ ಬೀಜ ಮೈಯ ಒಳಗಿಲ್ಲದೆ ಹೊರಗೆ ಯಾಕಿದೆ ಗೊತ್ತಾ? ಅದಕ್ಕೆ ತಂಪು ಬೇಕು ಅಂತ. ನೀವು ಅದನ್ನ ದಿನಾ ಒಲೆ ಮುಂದೆ ಕೂರಿಸಿದೀರಿ. ಮೊದಲು ಉರಿಯಿಂದ ದೂರ ಬನ್ನಿ. ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ, ಮಾತ್ರೆನೂ ಕೊಡ್ತೀನಿ."

ಮರಿಯಯ್ಯನಿಗೆ ತಡೆಯಲಾಗಲಿಲ್ಲ. ತನ್ನ ಕೆಲಸ, ಇಲಿಯ ವಿಡಿಯೋ, ಕೆಂಚ, ಮರಿಕೆಂಚ ಎಲ್ಲ ಒಂದೇ ಉಸಿರಿಗೆ ಹೇಳಿ, "ನನ್ನಿಂದ ಇವನಿಗೆ ಇಳಿದಿದ್ದಾ ಮೇಡಂ?" ಅಂದ.

ಡಾಕ್ಟರು ನಗಲಿಲ್ಲ. ಹುಂಜದ ಮಾತು ಬಂದಾಗ ತುಟಿ ಕಚ್ಚಿಕೊಂಡರು, ಅಷ್ಟೆ. "ಇಲಿಗಳಿಗೆ ತುಂಬಾ ಕಿರಣ ಕೊಟ್ಟು ನೋಡಿದಾಗ ಮರಿಗಳ ಮೇಲೆ, ಮರಿಯ ಮರಿಗಳ ಮೇಲೆ ಪರಿಣಾಮ ಕಂಡಿರೋದು ಉಂಟು. ಮನುಷ್ಯರಲ್ಲಿ ತುಂಬ ವರ್ಷ ಹುಡುಕಿದಾರೆ. ಅಪ್ಪನಿಗೆ ಬಿದ್ದ ಕಿರಣದಿಂದ ಮಗನಿಗೆ ಮಕ್ಕಳಾಗಲಿಲ್ಲ ಅಂತ ಗಟ್ಟಿಯಾಗಿ ತೋರಿಸಿದವರು ಇದುವರೆಗೆ ಇಲ್ಲ. ನಿಮಗೆ ಬಿದ್ದಿರೋದಂತೂ ತೀರಾ ಕಮ್ಮಿ. ಇವರ ವಿಷಯದಲ್ಲಿ ಕಾರಣ ಹುಡುಕೋಕೆ ಅಷ್ಟು ದೂರ ಹೋಗೋದು ಬೇಡ ಯಜಮಾನ್ರೇ. ಬೆಂಕಿ ಎದುರಿಗೇ ಇದೆ."

ಬಸ್ಸಲ್ಲಿ ವಾಪಸ್ಸು ಬರುವಾಗ ಪಾಂಡವಪುರ ರೈಲ್ವೆ ಗೇಟು ಹಾಕಿತ್ತು, ಬಸ್ಸು ನಿಂತಿತು. ಲೋಕೇಶ ಕಿಟಕಿಯಾಚೆ ನೋಡುತ್ತಾ, "ಅಪ್ಪ, ನಿನ್ ಮೇಲೆ ಸುಮ್ ಸುಮ್ನೆ ಆಕ್ಬುಟ್ಟೆ ಕಣಪ್ಪ" ಅಂದ.

"ಬುಡ್ಲಾ. ಊರೇ ಆಕದೆ, ನೀನೊಬ್ಬ ಕಮ್ಮಿನಾ?" ಅಂದ ಮರಿಯಯ್ಯ. ರೈಲು ಹೋಗುವವರೆಗೆ ಕಾದು, "ಒಲೆ ಮುಂದೆ ನಾಳೆಯಿಂದ ನಾನ್ ಕೂರ್ತೀನಿ" ಅಂದ.

"ನಿಂಗ್ಯಾಕಪ್ಪ ಆ ಉರಿ?"

"ನಂಗಿನ್ನೇನ್ ಮಕ್ಕಳಾಗ್ಬೇಕಾ?"

ಮನೆಯಲ್ಲಿ ಇದೇ ಮಾತನ್ನು ಮಂಚಮ್ಮನಿಗೆ ಹೇಳಿದಾಗ ಅವಳು, "ಆ ಆಸೆ ಬೇರೆ ಅದಾ?" ಅಂದಳು.

ಆ ತಿಂಗಳೇ ಅವನ ರಿಟೈರ್‌ಮೆಂಟು. ಹಾರ ಹಾಕಿ, ಅವನೇ ಕೇಳಿಕೊಂಡದ್ದಕ್ಕೆ ಹಳೇ ಸೀಸದ ಏಪ್ರನ್ನನ್ನೂ ಕೊಟ್ಟು ಕಳಿಸಿದ್ದರು. ಅದನ್ನು ಕಟ್ಟಿಕೊಂಡೇ ಒಲೆ ಬಾಯಲ್ಲಿ ಕೂತ. ಉರಿಗೆ ಅದರಿಂದ ನಯಾಪೈಸೆ ಉಪಯೋಗವಿಲ್ಲ, ಭಾರ ಬೇರೆ. ಎರಡು ದಿನಕ್ಕೆ ಬಿಚ್ಚಿ, ಮಡಿಸಿ, ಕುಂಡಿ ಕೆಳಗೆ ಹಾಕಿಕೊಂಡ. ಮೊದಲ ವಾರ ಬೆಲ್ಲ ಕಪ್ಪಗಾಯಿತು. ಆಮೇಲೆ ಕೈ ಕೂತಿತು. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವಾಗ, ಮೇಲೆ ನಿಂತಿದ್ದ ಲೋಕೇಶನಿಗೆ ಕೆಳಗಿನಿಂದ ಕೂಗುತ್ತಿದ್ದ: "ಇಡ್ಕೊ... ಇಡ್ಕೊ... ಬುಡು." ಆಗ ಪಾಕ ಅಚ್ಚಿಗೆ ಬೀಳುತ್ತಿತ್ತು.

"ಕಿರಣ ಸಾಲ್ದು ಅಂತ ಈಗ ಬೆಂಕಿಗೂ ಕುಂತವ್ನೆ" ಅಂತ ಬೈರಮ್ಮ ಬೀದಿಗೆ ಸಾರಿದಳು.

ಮರಿಕೆಂಚನ ನಿಜವಾದ ಮೊಟ್ಟೆಗಳನ್ನು ಮರಿಯಯ್ಯ ಮತ್ತೆ ಕಾವಿಗಿಟ್ಟ, ಈ ಸಲ ಮಡಕೆಯನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದ. ಒಂದೆರಡು ಬಿಟ್ಟು ಎಲ್ಲವೂ ಪಿಳ್ಳೆಯಾಗಿ ಅಂಗಳ ತುಂಬ ಓಡಾಡಿದವು. ಬೈರಮ್ಮ ಗೇಟಿನ ಹತ್ತಿರ ನಿಂತು ಎರಡು ದಿನ ನೋಡಿ, ಮೂರನೇ ದಿನ ಒಳಗೆ ಬಂದಳು.

"ಮರಿಯಣ್ಣ, ಆ ಹುಂಜನ ಒಂದ್ ವಾರ ನಮ್ ಕಡೆ ಬುಡು."

"ಎಕ್ಸ್‌ರೇ ವಂಶದ್ದು ಕಣಕ್ಕ. ಬೇಡ, ನಿಮ್ ಕೋಳಿಗೆ ಏನಾದ್ರೂ ಆದದು."

"ಆಗ್ಲಿ ಅಂತ್ಲೇ ಕೇಳ್ತಿರೋದು" ಅಂದಳು ಬೈರಮ್ಮ.

ಸೊಸೆಯ ವಿಷಯ ಅಷ್ಟು ಬೇಗ ಆಗಲಿಲ್ಲ. ಮಾತ್ರೆ, ಮತ್ತೆ ಪರೀಕ್ಷೆ, ಮತ್ತೆ ಶ್ರೀರಂಗಪಟ್ಟಣ, ನಡುವೆ ಒಂದು ಸಲ ಆಸೆ ಹುಟ್ಟಿ ಕಳೆದುಹೋದದ್ದು, ಹೀಗೆ ವರ್ಷದ ಮೇಲೆ ಕಾದರು. ಕೊನೆಗೆ ಹೆಣ್ಣುಮಗು ಹುಟ್ಟಿತು. ಚಿನ್ನು ಅಂತ ಕರೆದರು. ಮಂಗಳಮ್ಮ ಬಾಣಂತನಕ್ಕೆ ಕರೆದುಕೊಂಡು ಹೋಗುವಾಗ ಚಪ್ಪಲಿಗೆ ಏನೂ ಹೇಳಲಿಲ್ಲ. ಬೀಗರಿಗೇ ನೇರವಾಗಿ, "ಓಗ್ಬತ್ತೀವಿ ಅಣ್ಣ" ಅಂದರು. ಮಗು ಉರಿ ಬಿಟ್ಟ ಪುಣ್ಯವೋ, ಮಾತ್ರೆಯದೋ, ಮರಿಕೆಂಚನ ಹಸಿ ಮೊಟ್ಟೆಯದೋ ಅಂತ ಬೀದಿಯಲ್ಲಿ ಇಂದಿಗೂ ಒಮ್ಮತವಿಲ್ಲ. ಮಂಚಮ್ಮ ಮಾತ್ರ ಮೊಟ್ಟೆಯ ಪಕ್ಷ.

ಚಿನ್ನು ಅಂಗನವಾಡಿಗೆ ಹೋಗುವಷ್ಟು ದೊಡ್ಡವಳಾದ ವರ್ಷ, ಒಂದು ದಿನ ಕೊನೆಯ ಕೊಪ್ಪರಿಗೆ ಇಳಿಸಿದ ಮೇಲೆ ಮರಿಯಯ್ಯ ಸಿಪ್ಪೆ ರಾಶಿಗೆ ಒರಗಿ ಕೂತವನು ಹಾಗೇ ಹೋಗಿಬಿಟ್ಟ. ನಿದ್ದೆ ಅಂದುಕೊಂಡು ಲೋಕೇಶ ಒಂದಷ್ಟು ಹೊತ್ತು ಎಬ್ಬಿಸಿರಲಿಲ್ಲ. ತನ್ನನ್ನು ಆಲೆಮನೆ ಪಕ್ಕದ ತೋಟದಲ್ಲೇ ಮಣ್ಣು ಮಾಡಬೇಕೆಂದು ಮರಿಯಯ್ಯನೇ ಯಾವತ್ತೋ ಹೇಳಿದ್ದರಿಂದ, ಮನೆಗೆ ತರದೆ ಅಲ್ಲೇ ಮಾಡಿದರು. ಹಾಗಾಗಿ ಅವನು ಮನೆಯಿಂದ ಕೊನೆಯ ಸಲ ಹೊರಟದ್ದು ಆ ದಿನ ಬೆಳಗ್ಗೆ, ತನ್ನ ಕಾಲ ಮೇಲೆಯೇ.

ಹೆಗಲ ಮೇಲೆ ಟವೆಲು, ಕೈಲಿ ಊಟದ ಡಬ್ಬಿ. ಹೊಸಲಲ್ಲಿ ಚಿನ್ನು ಅವನ ಒಂದು ಚಪ್ಪಲಿ ಬಚ್ಚಿಟ್ಟಿದ್ದಳು, ಅದನ್ನು ಹುಡುಕುವುದರಲ್ಲಿ ಒಂದಿಷ್ಟು ಹೊತ್ತು ಹೋಯಿತು. ಬೀದಿಗೆ ಇಳಿದಾಗ ಬೈರಮ್ಮ ಜಗಲಿ ಮೇಲೆ ನಿಂತಿದ್ದಳು. ಪಕ್ಕದಲ್ಲಿ ಕಾವು ಬಂದ ಕೋಳಿ ಯಾವ ಮುಚ್ಚಳವೂ ಇಲ್ಲದೆ ಕೂತಿತ್ತು. ಮಂಕರಿ ಮಗುಚಿ ಆ ಕಡೆ ಬಿದ್ದಿತ್ತು.

"ವಸಿ ನಿಂತ್ಕೊ ಮರಿಯಣ್ಣ. ಈ ಮೊಟ್ಟೆ ಇಕ್ಕೊಟ್ಟು ಓಗು."

ಅವನು ಆ ಕಡೆ ಈ ಕಡೆ ನೋಡಿದ. "ನಾನಾ?"

"ಇನ್ಯಾರು? ಕೈಗುಣ ಇರೋರ್ನೇ ತಾನೆ ಕರೆಯದು."

ಕಾಲಿಗೆ ನೀರು ಕೊಟ್ಟಳು. ಅವನು ಡಬ್ಬಿ ಕೆಳಗಿಟ್ಟು, ಕಾಲು ತೊಳೆದು, ಜಗಲಿ ಹತ್ತಿ, ಕೋಳಿಯ ಎದೆ ಕೆಳಗೆ ಕೈ ತೂರಿಸಿ ಒಂದೊಂದಾಗಿ ಮೊಟ್ಟೆ ಇಟ್ಟ. ಕೋಳಿ ರೆಕ್ಕೆ ಬಿಚ್ಚಿ ಒಮ್ಮೆ ಸಿಡುಕಿತು. "ಉಸಿರು ಎಳ್ಕೊ. ಇಡ್ಕೊ" ಅಂದ ಮರಿಯಯ್ಯ, ಕೋಳಿಗೆ. ಬೈರಮ್ಮನೂ ಉಸಿರು ಹಿಡಿದಳು. ಕೊನೆಯ ಮೊಟ್ಟೆಯೂ ಕೂತಿತು.

"ಬುಡು" ಅಂದ. ಟವೆಲಿಗೆ ಕೈ ಒರೆಸಿಕೊಂಡು, ಡಬ್ಬಿ ಎತ್ತಿಕೊಂಡು, ಆಲೆಮನೆಯ ಹಾದಿ ಹಿಡಿದ.